ನೆಗೆಣ್ಣಿ ಓಡಿಸಿದ ಟರ್ಬೊ ಕಾರು

ಆ ದಿನ ನಾವಿಬ್ಬರೂ ಬ್ಯಾಡಗಿಯಿಂದ ಹಾವೇರಿಗೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದವಳು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ನಾನು ಪಕ್ಕದಲ್ಲಿ ಕೂತಿದ್ದೆ. ಮೋಟೆಬೆನ್ನೂರಿನ ಈಚೆ ಹತ್ತಿ ತುಂಬಿದ ಲಾರಿಯೊಂದು ರಸ್ತೆಯ ಮುಕ್ಕಾಲು ಪಾಲು ಹಿಡಿದುಕೊಂಡು ತೂಗಾಡುತ್ತಾ ಹೋಗುತ್ತಿತ್ತು. ಎದುರಿಗೆ ರಸ್ತೆ ಖಾಲಿ ಕಂಡಾಗ ಅಕ್ಕ ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದಳು. ಇಂಜಿನ್ ಕೂಗಿತು, ಕಾರು ಮಾತ್ರ ಎಳೆಯಲಿಲ್ಲ. ಬಾನೆಟ್ಟಿನ ಒಳಗಿನಿಂದ ಸುಯ್ ಎಂದು ಸಣ್ಣ ಸದ್ದು ಬಂತು. ಅಕ್ಕ ಗೊಣಗಿಕೊಂಡು ಮತ್ತೆ ಲಾರಿಯ ಹಿಂದಕ್ಕೆ ಬಂದಳು.

"ಗಾಡಿಗೆ ದಮ್ಮು ಹತ್ತೇತಿ ನೋಡಬೇ. ಒಂದು ವಾರದಿಂದ ಹಿಂಗ ಐತಿ."

"ಮೊನ್ನೆ ಸರ್ವಿಸಿಗೆ ಬಿಟ್ಟಿದ್ದಿ ಅಲ್ಲಕ್ಕಾ?"

"ಬಿಟ್ಟಿದ್ದೆ. ಪ್ಲಗ್ ಹೊಸಾವು ಹಾಕಿ, ಎಲ್ಲಾ ಛಲೋ ಐತ್ರಿ ಅಂದ್ರು. ಅವರಿಗೆ ಛಲೋ ಇರಬೇಕು. ನನಗಂತೂ ಇಲ್ಲ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆ ಸುಯ್ ಸದ್ದು ಕೇಳಿದ ಕೂಡಲೇ ನನಗೆ ಕಾಯಿಲೆ ಯಾವುದೆಂದು ಗೊತ್ತಾಗಿತ್ತು. ಮದುವೆಗೆ ಮೊದಲು ನಾನು ಪುಣೆಯ ಒಂದು ಕಾರ್ಖಾನೆಯಲ್ಲಿ ಇಂಜಿನ್ ಪರೀಕ್ಷೆ ಮಾಡುವ ವಿಭಾಗದಲ್ಲಿದ್ದೆ. ಗಾಜಿನ ಗೋಡೆಯ ಆಚೆ ಇಂಜಿನ್ ಕೆಂಪಗೆ ಕಾದು ಓಡುತ್ತಿದ್ದರೆ, ಈಚೆ ಕೂತು ಅದಕ್ಕೆ ಎಷ್ಟು ಪೆಟ್ರೋಲು ಕೊಡಬೇಕು, ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂದು ಕಂಪ್ಯೂಟರಿನಲ್ಲಿ ತಿದ್ದುವುದು ನನ್ನ ಕೆಲಸವಾಗಿತ್ತು. ಮದುವೆಯಾಗಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆಗೆ ಬಂದ ಮೇಲೆ ಆ ಕೆಲಸ ಬಿಟ್ಟೆ. ಕೆಲಸ ಬಿಟ್ಟರೂ ವಿದ್ಯೆ ನನ್ನನ್ನು ಬಿಟ್ಟಿರಲಿಲ್ಲ.

ಅಕ್ಕನ ವಿದ್ಯೆ ಬೇರೆ. ಅವಳ ತವರು ಕುಪ್ಪೇಲೂರು. ಹುಡುಗಿಯಾಗಿದ್ದಾಗಿನಿಂದ ಟ್ರ್ಯಾಕ್ಟರ್ ಓಡಿಸಿದವಳು. ಹೇರು ತುಂಬಿದ ಟ್ರೇಲರನ್ನು ಓಣಿಯೊಳಗೆ ಹಿಮ್ಮುಖವಾಗಿ ತಂದು, ಬಾಗಿಲ ಚೌಕಟ್ಟಿಗೆ ತಾಗಿಸದೆ ನಿಲ್ಲಿಸುತ್ತಿದ್ದಳಂತೆ. ನಾನು ಅದನ್ನು ನಂಬಿರಲಿಲ್ಲ, ಒಮ್ಮೆ ನಮ್ಮ ಗೋದಾಮಿನಲ್ಲಿ ಕಣ್ಣಾರೆ ನೋಡುವವರೆಗೆ. ನಾನು ಆ ಮನೆಗೆ ಬಂದ ಹೊಸದರಲ್ಲಿ ಅವಳಿಗೆ ಹೋಗ್ರಿ, ಬರ್ರಿ ಅನ್ನುತ್ತಿದ್ದೆ. "ನಾನೇನು ನಿಮ್ಮ ಸಾಲಿ ಹೆಡ್‌ಮಾಸ್ತರ ಏನು? ನೀ ಅನ್ನು ಸಾಕು," ಎಂದು ಅವಳೇ ಬಿಡಿಸಿದಳು. ಆದರೂ ಮನೆಯೊಳಗೆ ಅವಳ ಮಾತೇ ಮಾತು. ಸಾರಿಗೆ ಉಪ್ಪು ಎಷ್ಟು ಎಂಬುದರಿಂದ ಹಿಡಿದು ಯಾರ ಮದುವೆಗೆ ಯಾರು ಹೋಗಬೇಕು ಎಂಬುದರವರೆಗೆ ಅವಳು ಹೇಳುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಅದರಲ್ಲಿ ನನಗೆ ಬೇಸರವೇನೂ ಇರಲಿಲ್ಲ. ಅವಳು ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತಿದ್ದಳು.

ಹಾವೇರಿಯಿಂದ ಬಂದ ಮರುದಿನ ಕಾರನ್ನು ಗೋದಾಮಿನ ಅಂಗಳದಲ್ಲಿ ನಿಲ್ಲಿಸಿ ಬಾನೆಟ್ ತೆಗೆದೆ. ಟರ್ಬೊ ಎಂದರೆ ಕಷ್ಟದ್ದೇನಲ್ಲ ಎಂದು ಅಕ್ಕನಿಗೆ ತೋರಿಸುತ್ತಾ ಹೇಳಿದೆ. ಇಂಜಿನ್ ಹೊರಗೆ ಬಿಡುವ ಹೊಗೆಯೇ ಒಂದು ಪುಟ್ಟ ಚಕ್ರವನ್ನು ಗಿರ್ರನೆ ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚು ಸುಡಬಹುದು, ಬಲವೂ ಹೆಚ್ಚುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ತಣಿಸಲು ಕಾರಿನ ಮುಂಭಾಗದಲ್ಲಿ ಇಂಟರ್‌ಕೂಲರ್ ಎಂಬ ಜಾಲರಿ ಇರುತ್ತದೆ. ಈ ದಾರಿಯಲ್ಲಿ ಎಲ್ಲಿ ಸಂದು ಬಿಟ್ಟರೂ ಒತ್ತಿದ ಗಾಳಿ ಹೊರಗೆ ಸೋರಿ ಹೋಗುತ್ತದೆ.

"ಸೈಕಲ್ ಟ್ಯೂಬ್ ಪಂಕ್ಚರ್ ಆದಂಗ," ಅಂದಳು ಅಕ್ಕ.

"ಅಷ್ಟ. ಪಂಕ್ಚರ್ ಹುಡುಕಿದಂಗ ಹುಡುಕೂಣು."

ಗಾಳಿ ಒಳಗೆ ಹೋಗುವ ಬಾಯಿಗೆ ಬಿರಡೆ ಹಾಕಿ, ಕಾಲಿನಿಂದ ಒತ್ತುವ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿಸಿ, ಪೈಪುಗಳ ಮೇಲೆಲ್ಲ ಸಾಬೂನಿನ ನೀರು ಸುರಿದೆವು. ಬಾಗಿಲ ಬಳಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡತೊಡಗಿದರು. ಇಂಟರ್‌ಕೂಲರಿಗೆ ಸೇರುವ ರಬ್ಬರ್ ಪೈಪಿನ ಬುಡದಲ್ಲಿ ನೊರೆ ಉಬ್ಬಿ ಗುಳ್ಳೆ ಎದ್ದಿತು. ಕ್ಲಿಪ್ಪು ಸಡಿಲಾಗಿತ್ತು, ಅಷ್ಟೇ. ಬಿಗಿ ಮಾಡಿದೆ. ಹಾಗೆಯೇ ಏರ್ ಫಿಲ್ಟರನ್ನೂ ಒಮ್ಮೆ ನೋಡೋಣವೆಂದು ಹೊರಗೆ ತೆಗೆದು ಕೊಡವಿದ್ದೇ ತಡ, ಕೆಂಪು ಧೂಳು ಎದ್ದು ನಾವಿಬ್ಬರೂ ಕಣ್ಣು ಮೂಗು ಸುರಿಸಿಕೊಂಡು ಸೀನಿದ್ದೇ ಸೀನಿದ್ದು. ತೊಟ್ಟು ಬಿಡಿಸುವ ಹೆಂಗಸರಿಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಆ ಘಾಟಿನಲ್ಲೇ ಕೂತು ಕೆಲಸ ಮಾಡುವ ಅವರು ಒಮ್ಮೆಯೂ ಸೀನಿದ್ದನ್ನು ನಾನು ಕಂಡಿರಲಿಲ್ಲ.

ಸಂಜೆ ಅಕ್ಕ ಅದೇ ರಸ್ತೆಯಲ್ಲಿ ಕಾರು ಓಡಿಸಿದಳು. ಏರು ಬಂದಾಗ ಒತ್ತಿದಳು. ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ ಕಾರು ಮುಂದಕ್ಕೆ ಹೋಯಿತು. ಅಕ್ಕ ಏರಿನ ತುದಿ ಮುಟ್ಟಿದ ಮೇಲೆ ಬದಿಗೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಇದರಾಗ ಇನ್ನ ಎಷ್ಟ ಐತಿ?"

"ಏನು ಎಷ್ಟ?"

"ಜೋರು. ಕಂಪನಿಯವರು ಎಲ್ಲಾ ಕೊಟ್ಟಿರೂದಿಲ್ಲ. ಸ್ವಲ್ಪ ಹಿಂದ ಇಟ್ಟಕೊಂಡಿರತಾರ. ನನಗ ಗೊತ್ತೈತಿ."

ಖರೇ ಹೇಳಬೇಕೆಂದರೆ, ಆ ಪ್ರಶ್ನೆಯನ್ನು ಯಾರಾದರೂ ನನಗೆ ಕೇಳಲಿ ಎಂದು ನಾನು ವರ್ಷಗಟ್ಟಲೆ ಕಾದಿದ್ದೆ. ಕಾಲು ಪಾಲು ಹೆಚ್ಚು ಬಲ ತೆಗೆಯಬಹುದು, ಇಂಜಿನ್ನಿಗೆ ಏನೂ ಆಗದ ಹಾಗೆ ತೆಗೆಯಬಹುದು, ಆದರೆ ಆ ಬಲವನ್ನು ಈ ರಸ್ತೆಯ ಮೇಲೆ ಖರ್ಚು ಮಾಡಲು ಆಗುವುದಿಲ್ಲ, ಅದಕ್ಕೆ ಟ್ರ್ಯಾಕ್ ಬೇಕು ಎಂದೆ. ತಮಿಳುನಾಡಿನಲ್ಲಿ ಅಂಥ ಟ್ರ್ಯಾಕುಗಳಿವೆ, ಹಣ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ನಮ್ಮ ಕಾರನ್ನು ನಾವೇ ಓಡಿಸಬಹುದು ಎಂದೂ ಹೇಳಿದೆ.

"ಹೆಣ್ಮಕ್ಕಳನ್ನ ಬಿಡತಾರೇನು?"

"ಲೈಸೆನ್ಸ್ ಇದ್ದವರನ್ನ ಬಿಡತಾರ."

"ಹಂಗಾದ್ರ ಮಾವಾರಿಗೆ ಹೇಳೂಣು," ಅಂದಳು ಅಕ್ಕ, ಗೇರ್ ಹಾಕುತ್ತಾ.

ಕಾರು ಮಾವನವರದು. ಅವರು ಗೋದಾಮಿನಲ್ಲಿ ಕಾಯಿಯ ರಾಶಿಯ ಮುಂದೆ ಕೂತಿದ್ದಾಗ ನಾವಿಬ್ಬರೂ ಹೋಗಿ ನಿಂತೆವು. ಮಾತು ಶುರು ಮಾಡಿದವಳು ನಾನು.

"ಮಾವಾರ, ಕಾರಿಗೆ ಸ್ವಲ್ಪ ಕೆಲಸಾ ಮಾಡಬೇಕಂತ ಮಾಡೇವ್ರಿ."

"ಕೆಟ್ಟೈತೇನವಾ?"

"ಇಲ್ರಿ, ಛಲೋ ಐತಿ. ಇನ್ನಷ್ಟು ಛಲೋ ಮಾಡಬೇಕಂತ."

"ಛಲೋ ಇದ್ದದ್ದನ್ನ ಯಾಕ ಬಿಚ್ಚತೀರಿ?"

ನನಗಿಂತ ಮೊದಲೇ ಅಕ್ಕ ಬಾಯಿ ಹಾಕಿದಳು. "ನೀವು ಛಲೋ ಕಾಯಿನ ಮತ್ತ ಮತ್ತ ಯಾಕ ಆರಸ್ತೀರಿ ಮಾವಾರ?"

ಮಾವನವರು ಕೈಯಲ್ಲಿದ್ದ ಕಾಯಿಯನ್ನು ನೋಡಿದರು. ಸುಕ್ಕು ಸರಿಯಾಗಿ ಬಿದ್ದ, ಬಣ್ಣ ಕಟ್ಟಿದ ಒಳ್ಳೆಯ ಕಾಯಿ ಅದು. ನಕ್ಕರು. ಆಮೇಲೆ ನಮ್ಮ ಯೋಜನೆಯನ್ನೆಲ್ಲ ಕೇಳಿಸಿಕೊಂಡರು. ಟ್ರ್ಯಾಕ್ ಎಂದರೇನು, ಅಲ್ಲಿ ಎದುರಿನಿಂದ ಗಾಡಿಗಳು ಬರುತ್ತವೆಯೇ, ಬಿದ್ದರೆ ಎತ್ತುವವರಿದ್ದಾರೆಯೇ ಎಂದು ವಿಚಾರಿಸಿದರು. ಕೊನೆಗೆ ಹೇಳಿದರು:

"ನೋಡ್ರವಾ, ಚೀಲಕ್ಕ ಕಾಯಿ ತುಂಬೂದು ದೊಡ್ಡದಲ್ಲ. ತುಳದು ತುಳದು ಎಷ್ಟರ ತುಂಬಬಹುದು. ಹೊಲಿಗಿ ತಡೀಬೇಕು. ಅಷ್ಟ ಲಕ್ಷ್ಯ ಇಡ್ರಿ. ಮತ್ತ ಊರ ರಸ್ತಾದ ಮ್ಯಾಲ ಓಟ ಹಚ್ಚಬ್ಯಾಡ್ರಿ. ಹಚ್ಚಿದ್ದು ನನ್ನ ಕಿವಿಗೆ ಬಿತ್ತಂದ್ರ ಚಾವಿ ನನ್ನ ಹಂತ್ಯಾಕ ಬರತಾವು."

ನನ್ನ ಪುಣೆಯ ಮೇಲಧಿಕಾರಿ ಒಂದು ವಾರ ತರಬೇತಿ ಕೊಟ್ಟು ಹೇಳಿದ್ದೂ ಇದನ್ನೇ.

ಮೊದಲು ಬೇಕಾಗಿದ್ದು ಕಂಪನಿಯದಕ್ಕಿಂತ ದೊಡ್ಡ ಇಂಟರ್‌ಕೂಲರ್. ರಾಣೆಬೆನ್ನೂರಿನಲ್ಲಿ ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರ್ ಕಟ್ಟುವವರೊಬ್ಬರಿದ್ದರು. ಸುತ್ತಲಿನ ಟ್ರ್ಯಾಕ್ಟರಿನವರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಅಂಗಡಿ ಮುಂದೆ, ಮನೆ ಹಿಂದೆ. ನಮ್ಮನ್ನು ಕಂಡು, "ಬರ್ರಿ ಅಕ್ಕಾರ, ಕುಂದ್ರಿ," ಎಂದು ಕುರ್ಚಿ ಒರೆಸಿದರು. ಒಳಗೆ ತಿರುಗಿ ಉರ್ದುವಿನಲ್ಲಿ ಹೆಂಡತಿಗೆ ಚಹಾ ಹೇಳಿದರು. ನಾನು ಚಿತ್ರ ತೋರಿಸಿ ವಿವರಿಸಿದೆ.

"ಗಾಳಿಗೆ ರೇಡಿಯೇಟರ್ರಾ?" ಅವರ ಕಣ್ಣು ಅರಳಿತು. "ನೀರಿಂದು ಮಾಡೇನಿ, ಎಣ್ಣೀದು ಮಾಡೇನಿ. ಗಾಳೀದು ಇದ ಪೈಲಾ. ಮಾಡೂದಾದ್ರ ದೊಡ್ಡದ ಮಾಡೂಣ್ರಿ. ಲಾರೀದು ಒಂದು ಬಿದ್ದೈತಿ ನನ್ನ ಹಂತ್ಯಾಕ."

"ಅಷ್ಟು ದೊಡ್ಡದು ಬ್ಯಾಡ್ರಿ ಚಾಚಾ. ಅದರ ಹೊಟ್ಟಿ ತುಂಬೂತನಕಾ ಕಾರು ಕಾಯಬೇಕಾಗತೈತಿ."

ಅವರು ಗಡ್ಡ ಕೆರೆದುಕೊಂಡರು. "ಖರೇ ಐತಿ. ಟಾಕಿ ದೊಡ್ಡದಾದ್ರ ತುಂಬಾಕ ತಡಾ."

ನೆಲದ ಮೇಲೆ ಸೀಮೆಸುಣ್ಣದಿಂದ ನಾನೊಂದು ಅಳತೆ ಬರೆದೆ. ಅವರು ಅದನ್ನು ಅಳಿಸಿ ಇನ್ನೊಂದು ಬರೆದರು. ಪೈಪನ್ನು ಎಲ್ಲಿಂದ ತರಬೇಕು ಎಂಬುದಕ್ಕೆ ನಮ್ಮಿಬ್ಬರ ನಡುವೆ ದೊಡ್ಡ ವಾದವಾಯಿತು. ನಾನು ಬ್ಯಾಟರಿಯ ಪಕ್ಕದಿಂದ ತರಬೇಕೆಂದೆ. ಅವರು ಹಾರ್ನಿನ ಜಾಗ ಬದಲಿಸಿ, ಕೆಳಗಿನಿಂದ ಒಂದೇ ಬಾಗಿನಲ್ಲಿ ತರುತ್ತೇನೆ ಎಂದರು. ಅವರದೇ ಸರಿ ಇತ್ತು, ಒಪ್ಪಿಕೊಂಡೆ. ಜಾಲರಿಯ ಅಳತೆ ಮಾತ್ರ ನನ್ನದೇ ಉಳಿಯಿತು. ಅಲ್ಯೂಮಿನಿಯಮ್ ತಗಡು ಬಗ್ಗಿಸಿ ಎರಡೂ ಬದಿಯ ಡಬ್ಬಿ ಮಾಡಿ ವೆಲ್ಡ್ ಮಾಡಿದರು. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟಾಗ ಒಂದು ಮೂಲೆಯಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆ ಬಂತು. ನಾನು ಕಂಡೂ ಕಾಣದಂತೆ ಸುಮ್ಮನಿದ್ದೆ, ಅಷ್ಟು ಸಣ್ಣದು ನಡೆಯುತ್ತದೆ ಎಂದು. ಅವರು ಒಪ್ಪಲಿಲ್ಲ. ಇಡೀ ಹೊಲಿಗೆ ಉಜ್ಜಿ ತೆಗೆದು ಹೊಸದಾಗಿ ಹಾಕಿದರು. ಅಷ್ಟರಲ್ಲಿ ಅಕ್ಕ ಒಳಗೆ ಹೋಗಿ ಅವರ ಹೆಂಡತಿಯಿಂದ ಖಿಮಾ ಮಾಡುವುದು ಹೇಗೆಂದು ಕೇಳಿ ತಿಳಿದುಕೊಂಡು ಬಂದಿದ್ದಳು. ನಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಯಾಕೆ ಕೇಳಿದೆ ಎಂದರೆ, "ಗೊತ್ತಿರಲಿ ಬಿಡಬೇ, ವಿದ್ಯೆ," ಅಂದಳು.

ಇಂಥ ಕಾರು ಮಾಡಿಸುವವರು ಸಾಮಾನ್ಯವಾಗಿ ಸೈಲೆನ್ಸರನ್ನೂ, ಹೊಗೆ ಶುದ್ಧ ಮಾಡುವ ಡಬ್ಬಿಯನ್ನೂ ಕಿತ್ತು ಹಾಕಿಸುತ್ತಾರೆ. ಊರಿಗೆಲ್ಲ ಕೇಳುವಂತೆ ಸದ್ದು ಬರಬೇಕು ಅವರಿಗೆ. ನಾನು ಅವೆರಡನ್ನೂ ಮುಟ್ಟಲಿಲ್ಲ. ಸದ್ದಿನಿಂದ ಬಲ ಬರುವುದಿಲ್ಲ. ಇಂಜಿನ್ನಿನ ಕಂಪ್ಯೂಟರಿಗೆ ಎರಡು ಬಗೆಯ ಲೆಕ್ಕ ಬರೆದೆ, ಊರಿಗೊಂದು, ಟ್ರ್ಯಾಕಿಗೊಂದು. ಊರಿನದು ಹೆಚ್ಚುಕಡಿಮೆ ಕಂಪನಿಯದೇ, ಸ್ವಲ್ಪ ಮೆದು. ಟ್ರ್ಯಾಕಿನದರಲ್ಲಿ ಟರ್ಬೊ ಒತ್ತುವ ಗಾಳಿ ಹೆಚ್ಚು. ಎರಡನೆಯದನ್ನು ತಿದ್ದಲು ಬೆಂಗಳೂರಿಗೆ ಹೋದೆವು. ಅಲ್ಲಿ ಕಾರನ್ನು ರೋಲರುಗಳ ಮೇಲೆ ಕಟ್ಟಿ, ನಿಂತಲ್ಲೇ ಓಡಿಸಿ ಬಲ ಅಳೆಯುತ್ತಾರೆ. ಅಲ್ಲಿದ್ದಾತ ನಮ್ಮನ್ನೂ ನಮ್ಮ ಹಿಂದಿನ ಬಾಗಿಲನ್ನೂ ನೋಡಿ, "ಟ್ಯೂನರ್ ಬರ್ತಿದಾರಾ ಮೇಡಂ?" ಎಂದು ಕೇಳಿದ. ಇಂಜಿನ್ನಿನ ಲೆಕ್ಕ ತಿದ್ದುವವರಿಗೆ ಟ್ಯೂನರ್ ಅನ್ನುತ್ತಾರೆ.

"ಬಂದಿದ್ದಾರೆ," ಎಂದು ಲ್ಯಾಪ್‌ಟಾಪ್ ತೆರೆದೆ.

ಕಾಲು ಪಾಲು ಎಂದಿದ್ದೆನಲ್ಲ, ಅದಕ್ಕಿಂತ ಒಂದು ಹಿಡಿ ಹೆಚ್ಚೇ ಬಂತು. ಇನ್ನೂ ಬರುತ್ತಿತ್ತು. ಅಲ್ಲಿಗೆ ನಿಲ್ಲಿಸಿದೆ. ಎಲ್ಲಿ ನಿಲ್ಲಿಸಬೇಕು ಎಂದು ತಿಳಿದಿರುವುದೇ ಈ ಕೆಲಸದಲ್ಲಿ ಮುಖ್ಯ, ಅದು ನನಗೆ ತಿಳಿದಿದೆ.

ವಾಪಸು ಬರುವಾಗ ಹಲಗೇರಿಯ ಹತ್ತಿರ ಹೆದ್ದಾರಿಯಲ್ಲಿ ಬೆನ್ನಿಗೆ ಒಂದು ಕಾರು ಬಿತ್ತು. ಹುಡುಗರು. ಲೈಟು ಮಿನುಗಿಸುವುದು, ಪಕ್ಕಕ್ಕೆ ಬಂದು ಇಂಜಿನ್ ಕೂಗಿಸುವುದು, ಮುಂದೆ ಹೋಗಿ ನಿಧಾನ ಮಾಡುವುದು. ನಮ್ಮ ಕಾರಿನ ಮುಂದಿನ ಜಾಲರಿಯ ಹಿಂದೆ ಹೊಳೆಯುತ್ತಿದ್ದ ಇಂಟರ್‌ಕೂಲರನ್ನು ಕಂಡಿದ್ದರೆಂದು ಕಾಣುತ್ತದೆ. ನಾನು ಅಕ್ಕನ ಬಲಗಾಲನ್ನೇ ನೋಡುತ್ತಿದ್ದೆ. ಅವಳು ಎಡಕ್ಕೆ ಸರಿದು ದಾರಿ ಬಿಟ್ಟಳು.

"ಹೋಗ್ಲಿ ಬಿಡು. ಅವರವ್ವ ರೊಟ್ಟಿ ಮಾಡಿಟಗೊಂಡು ದಾರಿ ನೋಡಾಕತ್ತಿರತಾಳ."

ಆಗಲೇ ನನಗೆ ಇವಳು ಟ್ರ್ಯಾಕಿನಲ್ಲಿ ಚೆನ್ನಾಗಿ ಓಡಿಸುತ್ತಾಳೆ ಎಂಬ ಭರವಸೆ ಬಂದದ್ದು.

ತಮಿಳುನಾಡಿಗೆ ಹೋಗುವಾಗ ನನ್ನ ಗಂಡನೂ ಜೊತೆಗೆ ಬಂದ. ಹಿಂದಿನ ಸೀಟಿನಲ್ಲಿ, ನಾವು ಹೇರಿದ್ದ ಹೆಚ್ಚುವರಿ ಟಯರುಗಳ ನಡುವೆ ಸಿಕ್ಕಿಕೊಂಡು ನಿದ್ದೆ ಮಾಡಿದ. ಟ್ರ್ಯಾಕಿನಲ್ಲಿ ನಮ್ಮದಕ್ಕಿಂತ ಬೆಲೆಬಾಳುವ ಕಾರುಗಳೇ ಹೆಚ್ಚಿದ್ದವು. ಅಕ್ಕ ಸೀರೆ ಬಿಟ್ಟು ಪ್ಯಾಂಟು, ಉದ್ದ ತೋಳಿನ ಅಂಗಿ ಹಾಕಿಕೊಂಡಿದ್ದಳು. ಹೆಲ್ಮೆಟ್ಟಿನ ಒಳಗೆ ತುರುಬು ಹಿಡಿಸದೆ ಕೂದಲನ್ನು ಹೆಣೆದು ಅಂಗಿಯೊಳಗೆ ಇಳಿಬಿಟ್ಟಳು. ಅಲ್ಲಿನ ತರಬೇತುದಾರರು ಬಾವುಟಗಳ ಅರ್ಥ ಹೇಳಿದರು. ಮೊದಲ ಸುತ್ತುಗಳನ್ನು ಅವಳು ನಿಧಾನವಾಗಿ, ಪ್ರತಿ ತಿರುವನ್ನೂ ಕಣ್ಣಿನಿಂದ ಅಳೆಯುತ್ತಾ ಹೊಡೆದಳು. ಹೊಸ ಊರಿನಲ್ಲಿ ಮನೆ ಹುಡುಕುವವರ ಹಾಗೆ. ಆಮೇಲೆ ಜೋರಾಗಿ ಬಿಟ್ಟಳು.

ಮೊದಲ ಸರದಿ ಮುಗಿಸಿ ಬಂದಾಗ ಅವಳ ಮುಖ ಕೆಂಪಾಗಿತ್ತು. "ಎರಡನೇ ತಿರುವಿನ್ಯಾಗ ಗಾಡಿ ಮೂಗು ಹೊರಗ ಹೋಗತೈತಿ. ನಾ ಒಳಗ ಅಂದ್ರ ಅದು ಹೊರಗ ಅಂತೈತಿ," ಅಂದಳು. ಮುಂದಿನ ಟಯರುಗಳ ಗಾಳಿ ಸ್ವಲ್ಪ ಇಳಿಸಿ ಕಳಿಸಿದೆ. ಸರಿಹೋಯಿತು. ಅವಳು ಹೇಳುವುದು, ನಾನು ಮಾಡುವುದು, ಎಲ್ಲ ಸಲೀಸಾಗಿ ನಡೆದಿತ್ತು.

ಬಿಸಿಲೇರಿತು. ಮಧ್ಯಾಹ್ನದ ಸರದಿಯಲ್ಲಿ ಮೊದಲೆರಡು ಸುತ್ತು ಚೆನ್ನಾಗಿ ಬಂದು, ಆಮೇಲೆ ಒಂದೊಂದು ಸುತ್ತೂ ನಿಧಾನವಾಗುತ್ತಾ ಹೋಯಿತು. ಅಕ್ಕ ಕಾರು ತಂದು ನಿಲ್ಲಿಸಿ ಹೆಲ್ಮೆಟ್ ತೆಗೆದಳು.

"ಉದ್ದ ರಸ್ತಾದಾಗ ಸಾಯಾಕತ್ತೈತಿ. ಟರ್ಬೊಕ್ಕ ಇನ್ನಷ್ಟು ಗಾಳಿ ಕೊಡು."

ನಾನು ಲ್ಯಾಪ್‌ಟಾಪ್ ಕಾರಿಗೆ ಸಿಕ್ಕಿಸಿ ನೋಡಿದೆ. ಇಂಜಿನ್ ಒಳಗೆ ಹೋಗುವ ಗಾಳಿ ಸುಡುತ್ತಿತ್ತು. ಗಾಳಿ ಅಷ್ಟು ಬಿಸಿಯಾದರೆ ಪೆಟ್ರೋಲು ಕಿಡಿಗಾಗಿ ಕಾಯದೆ ತಾನೇ ಹೊತ್ತಿಕೊಂಡು ಇಂಜಿನ್ ಒಳಗೆ ಕಟಕಟ ಎನ್ನುತ್ತದೆ. ಅದನ್ನು ಕೇಳಿಸಿಕೊಂಡ ಕಂಪ್ಯೂಟರು ಹೆದರಿ ಕಿಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಬಲ ಇಳಿಯುತ್ತದೆ. ಇನ್ನಷ್ಟು ಒತ್ತಿದರೆ ಇನ್ನಷ್ಟು ಬಿಸಿ. ಮಾಡಬೇಕಾದದ್ದು ತಿರುವುಮುರುವು.

"ಹೆಚ್ಚಿಗೆ ಕೊಡೂದಿಲ್ಲಕ್ಕಾ. ಕಡಿಮಿ ಮಾಡ್ತೇನಿ."

"ಏನಂದಿ?"

"ಗಾಳಿ ಸ್ವಲ್ಪ ಕಡಿಮಿ ಮಾಡ್ತೇನಿ. ಆವಾಗ ಜೋರು ಹೋಗತೈತಿ."

ಸುತ್ತ ಜನವಿದ್ದರು. ಅಕ್ಕ ದನಿ ತಗ್ಗಿಸಿಯೇ ಮಾತಾಡಿದಳು. ಅವಳ ಸಿಟ್ಟು ದನಿ ತಗ್ಗಿದಷ್ಟೂ ಹೆಚ್ಚು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು.

"ಎಳೀತಿಲ್ಲ ಅಂತ ಹೇಳಾಕತ್ತೇನಿ. ಓಡಸಾಕಿ ನಾನು. ನನ್ನ ಮ್ಯಾಲ ನಂಬಿಗಿ ಇಲ್ಲೇನು ನಿನಗ?"

"ನಿನ್ನ ಮ್ಯಾಲ ಐತಿ. ಈ ಬಿಸಲಾಗ ಇಂಜಿನ್ ಮ್ಯಾಲ ಇಲ್ಲ."

"ಇಷ್ಟು ವರ್ಷದಾಗ ಒಂದು ದಿನ ನನ್ನ ಮಾತಿಗೆ ಇಲ್ಲ ಅಂದಿಲ್ಲ ನೀ."

"ಇಷ್ಟು ವರ್ಷ ಅಡಿಗಿ ಮನ್ಯಾಗ ಇದ್ವಿ ಅಕ್ಕಾ. ಅಲ್ಲಿ ನೀ ಹೇಳಿದ್ದ ಖರೇ. ಬಾನೆಟ್ ಕೆಳಗ ನಾ ಹೇಳಿದ್ದು ಕೇಳಬೇಕು ನೀ."

ನನ್ನ ಬಾಯಿಂದ ಆ ಮಾತು ಅಷ್ಟು ನೇರವಾಗಿ ಬಂದದ್ದು ನನಗೇ ಹೊಸದು. ನನ್ನ ಗಂಡ ನೀರಿನ ಬಾಟಲಿ ಹಿಡಿದುಕೊಂಡು ಬಂದವನು ನಮ್ಮಿಬ್ಬರ ಮುಖ ನೋಡಿ ಹಾಗೆಯೇ ಹಿಂದಕ್ಕೆ ಹೋದ. ಅಕ್ಕ ಟಯರಿನ ಮೇಲೆ ಕೂತು ಟ್ರ್ಯಾಕಿನ ಕಡೆ ಮುಖ ಮಾಡಿದಳು. ನಾನು ಟರ್ಬೊ ಒತ್ತುವ ಗಾಳಿಯನ್ನು ಸ್ವಲ್ಪ ಇಳಿಸಿದೆ. ಬಾನೆಟ್ ತೆರೆದು ಇಂಜಿನ್ ಆರಲು ಬಿಟ್ಟೆ. ಒದ್ದೆ ಟವೆಲನ್ನು ಇಂಟರ್‌ಕೂಲರಿನ ಮೇಲೆ ಹಾಕಿದೆ, ಹಬೆ ಎದ್ದಿತು. ಇವತ್ತು ನನ್ನ ಲೆಕ್ಕ ತಪ್ಪಿದರೆ ಕಾರಿಗೆ ಏನೂ ಆಗುವುದಿಲ್ಲ, ಮನೆಯಲ್ಲಿ ಆಗುತ್ತದೆ ಎಂದುಕೊಂಡೆ. ಲೆಕ್ಕ ತಪ್ಪುವುದಿಲ್ಲ ಎಂದೂ ಗೊತ್ತಿತ್ತು.

ಕೊನೆಯ ಸರದಿಗೆ ಅವಳು ಕಾರು ಹತ್ತಿ ಬೆಲ್ಟು ಬಿಗಿದುಕೊಂಡಳು. ಮೊದಲ ಸುತ್ತು ಮುಗಿಸಿ ಎದುರಿನಿಂದ ಹೋದಾಗ ಸದ್ದಿನಲ್ಲೇ ನನಗೆ ಸಮಾಧಾನವಾಯಿತು. ಎಲ್ಲಿಯೂ ಮುಗ್ಗರಿಸದ, ಎಳೆದ ದಾರದಂಥ ಸದ್ದು. ಎರಡನೆಯ ಸುತ್ತು, ಮೂರನೆಯದು, ನಾಲ್ಕನೆಯದು, ಎಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಬಂದವು. ಬೆಳಗಿನ ತಂಪಿನಲ್ಲಿ ಹೊಡೆದ ಅತ್ಯುತ್ತಮ ಸುತ್ತಿಗಿಂತ ಒಂದೂವರೆ ಸೆಕೆಂಡು ಕಡಿಮೆ. ಟ್ರ್ಯಾಕಿನ ಲೆಕ್ಕದಲ್ಲಿ ಒಂದೂವರೆ ಸೆಕೆಂಡು ಎಂದರೆ ಸಣ್ಣದಲ್ಲ. ಪಕ್ಕದ ಗ್ಯಾರೇಜಿನಲ್ಲಿ ದೊಡ್ಡ ಕಾರಿನ ಮಾಲೀಕರೊಬ್ಬರು ಎದ್ದು ಬಂದು ನಮ್ಮ ಕಾರು ಯಾವ ಊರಿನದು ಎಂದು ನನ್ನ ಗಂಡನನ್ನು ಕೇಳಿದರು. ಅವನು ಹೆಮ್ಮೆಯಿಂದ ಬ್ಯಾಡಗಿ ಎಂದ. ಅವರಿಗೆ ಮೆಣಸಿನಕಾಯಿ ಗೊತ್ತಿತ್ತು.

ಅಕ್ಕ ಕಾರು ತಂದು ನಿಲ್ಲಿಸಿದಳು. ಇಳಿದು, ಬಾಗಿಲು ಮುಚ್ಚಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದಳು. ನನ್ನ ಗಂಡ ಓಡಿ ಬಂದು ಸಮಯ ಹೇಳಿದ. ಅವಳು ನನ್ನ ಹತ್ತಿರ ಬಂದು, ಬೆವರಿದ ಕೈಯಿಂದ ನನ್ನ ಗಲ್ಲ ಹಿಂಡಿದಳು.

"ಕಡಿಮಿ ಕೊಟ್ಟು ಹೆಚ್ಚಿಗಿ ಮಾಡೂದು ಎಲ್ಲಿ ಕಲತಿಬೇ?"

"ಪುಣಾದಾಗ."

"ನನಗ ಮೊದಲ ತಿಳಿಸಿ ಹೇಳಬೇಕಿಲ್ಲೇನು, ಬಿಸಿ ಗಾಳಿ ಹಿಂಗ ಮಾಡತೈತಿ ಅಂತ? ಸುಮ್ಮನ ಇಲ್ಲ ಅಂದ್ರ ಸಿಟ್ಟ ಬರೂದಿಲ್ಲ?"

ಅದೂ ನ್ಯಾಯವಾದ ಮಾತೇ. ಅಂದಿನಿಂದ ನಮ್ಮ ಕೆಲಸದ ರೀತಿ ಬದಲಾಯಿತು. ನಾನು ಏನು ತಿದ್ದಿದರೂ ಯಾಕೆ ತಿದ್ದಿದೆ ಎಂದು ಅವಳಿಗೆ ಹೇಳುತ್ತೇನೆ. ಅವಳು ಕಾರಿನಲ್ಲಿ ಏನು ಅನ್ನಿಸಿತು ಎಂದು ತಿರುವು ತಿರುವಿಗೆ ಹೇಳುತ್ತಾಳೆ. ಸಾರಿನ ಉಪ್ಪು ಇವತ್ತಿಗೂ ಅವಳದೇ.

ಊರಿಗೆ ಬಂದಾಗ ಮಾವನವರು ಮೊದಲು ಕಾರನ್ನು ಸುತ್ತಲೂ ನೋಡಿದರು, ಆಮೇಲೆ ನಮ್ಮನ್ನು. ಒಂದು ಗೀರೂ ಇಲ್ಲ ಎಂದು ಖಾತ್ರಿಯಾದ ಮೇಲೆ, "ಎಷ್ಟ ಮಂದಿ ಹಿಂದ ಬಿದ್ರು?" ಎಂದು ಕೇಳಿದರು. ಅದು ರೇಸ್ ಅಲ್ಲ, ಬರೀ ಸಮಯ ನೋಡುವುದು ಎಂದು ನಾನು ವಿವರಿಸುತ್ತಿದ್ದರೆ, ಅಕ್ಕ ನನ್ನ ಹಿಂದೆ ನಿಂತು ಬೆರಳುಗಳಲ್ಲಿ ಎಷ್ಟು ಮಂದಿ ಎಂದು ತೋರಿಸುತ್ತಿದ್ದಳು.

ಸುದ್ದಿ ತಾನಾಗಿ ಹಬ್ಬಿತು. ಗೋದಾಮಿನ ಪಕ್ಕದ ತಗಡಿನ ಶೆಡ್ಡು ಖಾಲಿ ಬಿದ್ದಿತ್ತು, ಮಾವನವರು ಅದನ್ನು ಸುಣ್ಣ ಹೊಡೆಸಿ ಗಾಡಿ ತಿದ್ದುವ ಕೆಲಸಕ್ಕೆಂದು ನಮಗೆ ಬಿಟ್ಟುಕೊಟ್ಟರು. ಬರುವವರಲ್ಲಿ ಎಲ್ಲ ಥರದವರೂ ಇರುತ್ತಾರೆ. ಕರ್ಜಗಿಯಿಂದ ಒಬ್ಬರು ಟರ್ಬೊ ಡೀಸೆಲ್ ಪಿಕಪ್ ತಂದು, ಒತ್ತಿದಾಗ ಹಿಂದೆ ಕರಿ ಹೊಗೆ ಮೋಡದಂತೆ ಏಳಬೇಕು, ಹಾಗೆ ಮಾಡಿಕೊಡ್ರಿ ಎಂದರು. ಹೊಗೆ ಎಂದರೆ ಸುಡದೆ ಹೋದ ಡೀಸೆಲ್, ಅದು ನಿಮ್ಮ ಬಲವೇ ಗಾಳಿಗೆ ಹೋಗುವುದು, ಮಾಡುವುದಿಲ್ಲ ಎಂದೆ. ಬೇಸರ ಮಾಡಿಕೊಂಡು ಹೋದವರು ವಾರ ಬಿಟ್ಟು ಬಂದು, "ಹೊಗಿ ಬ್ಯಾಡ್ರಿ, ಏರಿನ್ಯಾಗ ಎಳೀಲಿ ಸಾಕು," ಎಂದರು. ಅವರ ಗಾಡಿಯಲ್ಲಿ ಟರ್ಬೊದ ಒಂದು ಪೈಪು ಸೀಳಿತ್ತು. ರಾಣೆಬೆನ್ನೂರಿನ ಚಾಚಾ ಈಗ ತಮ್ಮ ಅಂಗಡಿಯ ಬೋರ್ಡಿನ ಮೇಲೆ ನೀರು, ಎಣ್ಣೆ ಎಂಬುದರ ಪಕ್ಕ ಗಾಳಿ ಎಂದೂ ಬರೆಸಿದ್ದಾರೆ. ಓದಿದವರು ಟಯರಿಗೆ ಗಾಳಿ ಹಾಕಿಸಲು ಬರುತ್ತಾರಂತೆ. ಅವರು ಒಂದು ಪಂಪೂ ಇಟ್ಟಿದ್ದಾರೆ.

ಈ ವರ್ಷ ಅಕ್ಕ ನಿಜವಾದ ಸ್ಪರ್ಧೆಗೆ ಇಳಿಯಲು ತೀರ್ಮಾನ ಮಾಡಿದಳು. ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ ವೈದ್ಯರ ಪ್ರಮಾಣಪತ್ರ ಬೇಕು. ಹಾವೇರಿಯಲ್ಲಿ ನಮ್ಮ ಮನೆಯವರೆಲ್ಲ ತೋರಿಸಿಕೊಳ್ಳುವ ವೈದ್ಯರ ಹತ್ತಿರ ಹೋದೆವು. ಅವರು ಕಣ್ಣು, ರಕ್ತದೊತ್ತಡ, ಮಂಡಿ ಎಲ್ಲ ಪರೀಕ್ಷೆ ಮಾಡಿ, ತೋಳಿನಿಂದ ರಕ್ತವನ್ನೂ ತೆಗೆದು, ಬರೆಯುತ್ತಾ ಬರೆಯುತ್ತಾ ಕೇಳಿದರು.

"ಉದ್ಯೋಗ ಏನಂತ ಬರೀಲೆವಾ? ಮನೀಕೆಲಸ ಅಂತ ಬರೀಲೇನು?"

ಅಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಡ್ರೈವರ್ ಅಂತ ಬರೀರಿ ಸರ."

ವೈದ್ಯರು ಪೆನ್ನು ಎತ್ತಿ ಅವಳನ್ನು ನೋಡಿದರು, ಆಮೇಲೆ ನನ್ನನ್ನು. ನಾನು ತಲೆಯಾಡಿಸಿದೆ. ಅವರು ಬರೆದರು. ಹೊರಗೆ ಬಂದು ಕಾರಿನ ಹತ್ತಿರ ನಿಂತಾಗ ಅಕ್ಕ ಚಾವಿಯನ್ನು ನನ್ನ ಕೈಗೆ ಕೊಟ್ಟಳು. ರಕ್ತ ತೆಗೆದ ತೋಳು ನೋಯುತ್ತಿದೆ, ಮನೆಯವರೆಗೆ ನೀನೇ ಓಡಿಸು ಎಂದಳು. ನಾನು ಓಡಿಸಿದೆ. ದಾರಿಯುದ್ದಕ್ಕೂ ಅವಳು ನನ್ನ ಗೇರ್ ಬದಲಾಯಿಸುವ ರೀತಿಯಲ್ಲಿ ತಪ್ಪು ಹುಡುಕುತ್ತಾ ಬಂದಳು. ಅವಳು ಹೇಳಿದ್ದೆಲ್ಲ ಸರಿ ಇತ್ತು.